ಪಾತಾಳಗಂಗೆಗೆ ಇಳಿಯುವ ಔಷಧಿ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಹತ್ತಿದವರು ಒಳಕಲ್ಲು ತೀರ್ಥವನ್ನು ಬಲ್ಲರು. ಬಂಡೆಯ ಕುಳಿಯೊಳಗೆ ಕೈಯಿಳಿಸಿದಾಗ ನೀರು ತಾಕಿದರೆ ಪುಣ್ಯವಂತರೆಂದು ನಂಬಿಕೆ. ಬೆಟ್ಟದ ಮೇಲೆ ಕೈಗೆಟಕುವ ನೀರು ತಪ್ಪಲಿನ ಹೊಲಗಳಲ್ಲಿ ನೂರಾರು ಅಡಿ ಕೊರೆದರೂ ಒಮ್ಮೊಮ್ಮೆ ದೊರೆಯದು. ದೊರೆತಾಗ, ಅದು ಎಂಥ ನೀರೆಂದು ವಿಚಾರಿಸುವ ವ್ಯವಧಾನ ಯಾರಿಗಿದೆ?

ಈ ಸೀಮೆಯಲ್ಲಿ ಮೇಲೆ ಕೆಮ್ಮಣ್ಣು, ಅದರಡಿ ಶಿಥಿಲವಾದ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಆಳದ ಕೊಳವೆಬಾವಿಗೆ ಬರುವುದು ಬಂಡೆಯ ಬಿರುಕುಗಳಲ್ಲಿ ನಿಂತ ನೀರು. ಬಿರುಕು ಸೋಸುವ ಜರಡಿಯಲ್ಲ. ರೈತನು ವಾಡಿಕೆಯಲ್ಲಿ ‘ಔಷಧಿ’ ಎಂದೇ ಕರೆಯುವ ಕೀಟನಾಶಕವನ್ನು ಹಿಡಿದಿಡುವ, ಮುರಿದು ನಿರ್ವಿಷಗೊಳಿಸುವ ಕೆಲಸವೆಲ್ಲ ಬಹುಮಟ್ಟಿಗೆ ನಡೆಯುವುದು ಮೇಲ್ಮಣ್ಣಿನಲ್ಲಿ, ಅಲ್ಲಿನ ಗೊಬ್ಬರದ ಅಂಶದಿಂದ ಮತ್ತು ಸೂಕ್ಷ್ಮಜೀವಿಗಳಿಂದ. ಆ ಗಡಿಯನ್ನು ದಾಟಿ ಕತ್ತಲ ಬಿರುಕಿಗಿಳಿದ ವಿಷವು ಬಹುಕಾಲ ಹಾಗೆಯೇ ಉಳಿಯಬಲ್ಲುದು. ಮೇಲ್ಮಣ್ಣಿನಲ್ಲಿ ಅದು ಎಷ್ಟು ದಿನ ತಂಗುವುದೆಂಬುದನ್ನು ನಿರ್ಧರಿಸುವುದರಲ್ಲಿ ನೀರಿನ ಪಾಲು ದೊಡ್ಡದು.

ಎಲ್ಲ ವಿಷಗಳ ಸ್ವಭಾವವೂ ಒಂದಲ್ಲ. ಡಿ.ಡಿ.ಟಿ. ಮಣ್ಣಿಗೆ ಅಂಟಿಕೊಳ್ಳುತ್ತದೆ. ಮುಸುಕಿನ ಜೋಳದ ಹೊಲಕ್ಕೆ ಹಾಕುವ ಅಟ್ರಜಿನ್ ಎಂಬ ಕಳೆನಾಶಕವು ಹಾಗಲ್ಲ. ನೀರು ಹೋದತ್ತ ಹೋಗುತ್ತದೆ. ಅಂತರ್ಜಲಕ್ಕೆ ಸೇರುವುದೆಂಬ ಕಾರಣದಿಂದಲೇ ಯೂರೋಪಿನ ಒಕ್ಕೂಟವು 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ನಮ್ಮ ದೇಶದ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 2 ಮೈಕ್ರೋಗ್ರಾಂ ಮೀರಕೂಡದು. ಎಂದರೆ, ಒಂದೇ ಒಂದು ಗ್ರಾಂ 5 ಲಕ್ಷ ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು! ನೀರನ್ನು ಕುದಿಸಿ ಕುಡಿಯುವ ಗೃಹಿಣಿಯರು ಇದನ್ನೂ ಗಮನಿಸಬೇಕು: ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಅಟ್ರಜಿನ್ ಹೋಗುವುದಿಲ್ಲ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಎತ್ತು ದಣಿದೊಡನೆ ನೀರು ನಿಲ್ಲುತ್ತಿತ್ತು. ಇಂದು 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಆದರೆ ಅದು ಬರುವುದು ಗೊತ್ತಾದ ಕೆಲವೇ ತಾಸು, ಎಷ್ಟೋ ವೇಳೆ ನಡುರಾತ್ರಿ. ಆದುದರಿಂದ ರೈತನು ತಾನೇತಾನಾಗಿ ಚಾಲೂ ಆಗುವ ಸ್ಟಾರ್ಟರನ್ನು ಜೋಡಿಸಿ ಮಲಗುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ. ಹಗಲು ಔಷಧಿ ಕಂಡ ಮಡಿಯು ರಾತ್ರಿ ತುಂಬಿ ತುಳುಕುತ್ತದೆ. ಬೇರು ಕುಡಿದು ಮಿಕ್ಕದ್ದು ವಿಷಸಮೇತ ಕೆಳಗಿಳಿಯುತ್ತದೆ. ಅದನ್ನೇ ಕೊಳವೆಬಾವಿಯು ಮರಳಿ ಮೇಲೆತ್ತುತ್ತದೆ.

ಹನಿ ನೀರಾವರಿಯಲ್ಲಿ ಬೇರಿಗೆ ಬೇಕಾದಷ್ಟೇ ನೀರುಣಿಸಬಹುದಾದುದರಿಂದ ಈ ಇಳಿತ ಬಹಳ ತಗ್ಗುತ್ತದೆ. ರಾತ್ರಿಯಿಡೀ ಬಿಟ್ಟರೆ ಅದೂ ಒಂದೇ, ಇದೂ ಒಂದೇ. ಹನಿ ಕೊಳವೆಯ ಮೂಲಕವೇ ಔಷಧಿ ಬಿಡುವಲ್ಲಿ ಇನ್ನೊಂದು ಅಪಾಯವುಂಟು. ನಡುವೆ ಕರೆಂಟು ಹೋದರೆ ಕೊಳವೆಯಲ್ಲಿದ್ದ ಔಷಧಿಯ ನೀರು ಹಿಂದಕ್ಕೆ ಹರಿದು ನೇರವಾಗಿ ಬಾವಿಯೊಳಗೇ ಬೀಳಬಹುದು; ಮಣ್ಣಿನ ಕಾವಲೂ ಆಗ ಇಲ್ಲ. ಅದನ್ನು ತಡೆಯುವುದು ಪಂಪಿಗೂ ಔಷಧಿಯ ತೊಟ್ಟಿಗೂ ನಡುವೆ ಕೂರಿಸುವ ಎನ್.ಆರ್.ವಿ. ಎಂಬ ಕವಾಟ. ಎಷ್ಟೋ ತೋಟಗಳಲ್ಲಿ ಮನೆಯವರು ಬಿಂದಿಗೆಗೆ ಕುಡಿಯುವ ನೀರು ಹಿಡಿಯುವುದೂ ಅದೇ ಬಾವಿಯ ಇನ್ನೊಂದು ನಲ್ಲಿಯಿಂದ.