ತಪಾಸಣೆಯ ಹೊತ್ತಿನಲ್ಲಿ ಜೊತೆಗೆ ಯಾರಿರಬೇಕು?

ಪೀಣ್ಯ, ಯಶವಂತಪುರದ ಕಡೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅರ್ಧ ದಿನದ ರಜೆ ಸಿಗುವುದೇ ಕಷ್ಟ. ಊರಿನಲ್ಲಿರುವ ಅಮ್ಮನನ್ನೋ ಅಕ್ಕನನ್ನೋ ಕರೆಸಿಕೊಳ್ಳುವ ಮಾತು ದೂರವೇ ಉಳಿಯಿತು. ಎದೆಯಲ್ಲೊಂದು ಗಂಟು, ಮುಟ್ಟಿನ ತೊಂದರೆ ಎಂದು ಒಬ್ಬಳೇ ಬಂದವಳನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಆ ಕೋಣೆಯಲ್ಲಿ ಇನ್ನಾರು ಇರಬೇಕು?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಪುರುಷ ವೈದ್ಯರು ದೈಹಿಕ ತಪಾಸಣೆ ಮಾಡುವಾಗ ಇನ್ನೊಬ್ಬ ಮಹಿಳೆ ಹಾಜರಿರುವುದು ರೋಗಿಯ ಹಕ್ಕು; ಅವರನ್ನು ಒದಗಿಸುವ ಹೊಣೆ ಆಸ್ಪತ್ರೆಯ ಆಡಳಿತದ್ದು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ವಿಚಾರದಲ್ಲಿ ಕಾನೂನು ಇನ್ನೂ ಬಿಗಿ. 2012ರ ಪೋಕ್ಸೊ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಬಾಲಕಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ಮಗುವಿನ ಪಕ್ಕದಲ್ಲಿ ಹೆತ್ತವರೋ ಅದು ನಂಬುವ ಬೇರೆಯವರೋ ಇರಬೇಕು. ಅವರು ಬರಲಾಗದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ಗೊತ್ತುಮಾಡಬೇಕು.

ಹಾಗೆಂದು ಕೋಣೆಯೊಳಗೆ ಯಾರೋ ಒಬ್ಬರು ನಿಂತರೆ ಮುಗಿಯಲಿಲ್ಲ. ಕೆಲಸ ಬಲ್ಲ ಸಿಸ್ಟರ್ ಮೊದಲು ಪರದೆ ಎಳೆಯುತ್ತಾರೆ, ರೋಗಿಗೆ ಹೊದಿಕೆ ಹೊದಿಸಿ, ನೋಡಬೇಕಾದ ಭಾಗವನ್ನಷ್ಟೇ ಸರಿಸುತ್ತಾರೆ. ರೋಗಿಯ ಮುಖವೂ ವೈದ್ಯರ ಕೈಗಳೂ ಕಾಣುವ ಕಡೆ ನಿಲ್ಲುತ್ತಾರೆ. ಫೋನ್ ಬಂತೆಂದು ನಡುವೆ ಹೊರಗೆ ಹೋಗುವುದಿಲ್ಲ. ಜೊತೆಗಿದ್ದವರ ಹೆಸರನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಮುಂದೆ ತಕರಾರು ಬಂದಾಗ ರೋಗಿಗೂ ವೈದ್ಯರಿಗೂ ಅದೇ ಆಧಾರ.

ಗಂಡ ಅಥವಾ ಅತ್ತೆ ಜೊತೆಗಿದ್ದರೆ ಸಾಲದೇ? ಸಾಲದು. ಮನೆಯವರ ಎದುರು ಹೇಳಲಾಗದ ಸಂಗತಿಗಳು ಎಷ್ಟೋ ಇರುತ್ತವೆ; ಯಾವ ತಪಾಸಣೆ ಹೇಗೆ ನಡೆಯಬೇಕೆಂಬುದೂ ಅವರಿಗೆ ಗೊತ್ತಿರುವುದಿಲ್ಲ. ಬ್ರಿಟನ್ನಿನಲ್ಲಿ ಕ್ಲಿಫರ್ಡ್ ಐಲಿಂಗ್ ಎಂಬ ವೈದ್ಯ ರೋಗಿಗಳ ಮೇಲೆ ದೌರ್ಜನ್ಯ ನಡೆಸಿ 2000ದಲ್ಲಿ ಶಿಕ್ಷೆಗೊಳಗಾದ. ಆ ಪ್ರಕರಣದ ವಿಚಾರಣಾ ಸಮಿತಿ 2004ರಲ್ಲಿ, ಈ ಕೆಲಸಕ್ಕೆ ತರಬೇತಿ ಪಡೆದವರೇ ಬೇಕು, ಬಂಧುಗಳೂ ಸ್ನೇಹಿತರೂ ಬೇಡ ಎಂದು ಶಿಫಾರಸು ಮಾಡಿತು.

ಹೆಬ್ಬಾಳದ ದೊಡ್ಡ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಕೊರತೆಯಿಲ್ಲ. ಕಷ್ಟವಿರುವುದು ಆರ್.ಟಿ. ನಗರ, ಯಲಹಂಕದ ಗಲ್ಲಿಗಳಲ್ಲಿ ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರ್ ಇಬ್ಬರೇ ನಡೆಸುವ ಕ್ಲಿನಿಕ್‌ಗಳಲ್ಲಿ. ಅಲ್ಲಿ ಒಬ್ಬ ಮಹಿಳೆಗೆ ಸಂಬಳ ಕೊಡುವುದು ಹೊರೆಯೆನಿಸಬಹುದು. ಆದರೆ ಆ ಹೊರೆಯನ್ನು ಮಂಚದ ಮೇಲೆ ಮಲಗಿದವಳ ಮೇಲೆ ಹೊರಿಸುವುದು ನ್ಯಾಯವಲ್ಲ. ತುರ್ತಲ್ಲದ ತಪಾಸಣೆಯನ್ನು ಸಹಾಯಕಿ ಇರುವ ಹೊತ್ತಿಗೆ ಮುಂದೂಡಬಹುದು.

ರೋಗಿಗಳೂ ಅಳುಕಬೇಕಿಲ್ಲ. ‘ಸಿಸ್ಟರನ್ನು ಕರೆಯಿರಿ ಡಾಕ್ಟ್ರೇ’ ಎಂದು ಕೇಳುವುದು ವೈದ್ಯರ ಮೇಲಿನ ಅನುಮಾನವಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ರೋಗಿಗಳ ಸನ್ನದನ್ನೂ ಜಿಲ್ಲಾ ಮಟ್ಟದ ಕುಂದುಕೊರತೆ ಪ್ರಾಧಿಕಾರವನ್ನೂ ಒಳಗೊಂಡಿದೆ. ಆಸ್ಪತ್ರೆಯ ಬಗ್ಗೆ ಅಲ್ಲಿಗೆ, ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ದೌರ್ಜನ್ಯ ನಡೆದಿದ್ದರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಬೇಕು.