ಗೋಪಿನಾಥಂ ಕಾಡು ಮತ್ತು ಪತ್ರಿಕೆಯ ಹಕ್ಕು

ಹನೂರು ತಾಲ್ಲೂಕಿನ ಗೋಪಿನಾಥಂನಲ್ಲಿ ಹುಟ್ಟಿದ ಕಾಡುಗಳ್ಳ ವೀರಪ್ಪನ್, ಆ ಊರಿನ ಜನರ ಏಳಿಗೆಗಾಗಿ ದುಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಕೊಂದನು. ಇಂಥ ಹಂತಕನನ್ನು ತಮಿಳಿನ ‘ನಕ್ಕೀರನ್’ ಪತ್ರಿಕೆ ಸಂದರ್ಶಿಸಿ ಅವನ ಮಾತನ್ನು ಪ್ರಕಟಿಸಿದಾಗ, ಅದು ಓದುಗರ ತಿಳಿಯುವ ಹಕ್ಕೋ ಅಪರಾಧಕ್ಕೆ ದೊರೆತ ವೇದಿಕೆಯೋ ಎಂಬ ಪ್ರಶ್ನೆ ಎದ್ದಿತು.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಡುತ್ತದೆ. 19(2)ನೆಯ ವಿಧಿಯು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ಮುಂತಾದ ಕಾರಣಗಳಿಗೆ ‘ಸಮಂಜಸ ನಿರ್ಬಂಧ’ವನ್ನು, ಅಂದರೆ ಉದ್ದೇಶಕ್ಕೆ ತಕ್ಕಷ್ಟೇ ಇರುವ ಕಡಿವಾಣವನ್ನು, ಕಾನೂನಿನ ಮೂಲಕ ಹಾಕಲು ಅವಕಾಶ ನೀಡುತ್ತದೆ. ಇದೇ ಪತ್ರಿಕೆಯ ಮತ್ತೊಂದು ಪ್ರಕರಣದಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯ ಕುರಿತು 1994ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಮಾನಹಾನಿಯಾದೀತೆಂಬ ಅಂಜಿಕೆಯಿಂದ ಅಧಿಕಾರಿಗಳು ಪ್ರಕಟಣೆಯನ್ನು ಮುಂಚಿತವಾಗಿ ತಡೆಯಲಾಗದು, ಪರಿಹಾರವೇನಿದ್ದರೂ ಪ್ರಕಟವಾದ ಮೇಲೆಯೇ ಎಂದಿತು.

ವೀರಪ್ಪನ್ ಜೊತೆ ನಕ್ಕೀರನ್‌ಗಿದ್ದ ಸಂಪರ್ಕದ ಬೆಲೆ 2000ದಲ್ಲಿ ಗೊತ್ತಾಯಿತು: ಜುಲೈ 30ರಂದು ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ವೀರಪ್ಪನ್‌ನಿಂದ ಅಪಹೃತರಾದಾಗ, ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ಸಂಧಾನಕ್ಕೆ ಕಳುಹಿಸಿದ್ದು ನಕ್ಕೀರನ್ ಸಂಪಾದಕ ಗೋಪಾಲ್ ಅವರನ್ನೇ. ಹೀಗಿದ್ದೂ 2003ರಲ್ಲಿ ತಮಿಳುನಾಡು ಪೊಲೀಸರು ಅವರನ್ನು ಭಯೋತ್ಪಾದನಾ ತಡೆ ಕಾಯ್ದೆಯಾದ ‘ಪೋಟಾ’ದಡಿ ಬಂಧಿಸಿದ್ದು ಕಳವಳಕಾರಿ ಬೆಳವಣಿಗೆಯೇ ಸರಿ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಬೇರೊಂದು ಅರ್ಜಿಯ ತೀರ್ಪಿನಲ್ಲಿ, ಭಯೋತ್ಪಾದನೆಗೆ ಇಂಬು ಕೊಡುವ ಉದ್ದೇಶವಿಲ್ಲದ ಬರಿಯ ಮಾತು ಆ ಕಾಯ್ದೆಯ ಬೆಂಬಲದ ಕಲಮುಗಳಡಿ ಅಪರಾಧವಾಗದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರಲ್ಲಿ ಪೋಟಾ ರದ್ದಾಯಿತು.