ಬೇಟೆಯ ಮಾರ್ಗದರ್ಶಿಗೆ ಇನಾಮು: ಕೂಲಿಯೆ, ಮೆಚ್ಚೆ, ಲಂಚವೆ?

1

ಗೊತ್ತುಮಾಡಿದ ಸಂಬಳವನ್ನು ಸಲ್ಲಿಸಿದ ಮೇಲೆಯೂ ದುಡಿದವನ ಕೈಯಲ್ಲಿ ಇನ್ನಷ್ಟು ಹಣವನ್ನಿಡುವ ಪದ್ಧತಿ ಲೋಕದ ಅನೇಕ ದೇಶಗಳಲ್ಲಿದೆ. ಹೋಟೆಲಿನಲ್ಲಿ ಬಡಿಸುವವನು, ಹೊರೆ ಹೊರುವವನು, ಗಾಡಿ ನಡೆಸುವವನು, ಇವರ ವಿಷಯದಲ್ಲಿ ಈ ಪದ್ಧತಿ ನಮಗೆ ಪರಿಚಿತವಾದುದೇ. ಬೇಟೆಗೆ ಬಂದ ಅತಿಥಿಯನ್ನು ಕಾಡಿನೊಳಕ್ಕೆ ಕರೆದೊಯ್ದು, ಹೆಜ್ಜೆಯ ಜಾಡು ಹಿಡಿದು, ಮೃಗವನ್ನು ತೋರಿಸಿ, ಅವನನ್ನು ಸುರಕ್ಷಿತವಾಗಿ ಹಿಂದಕ್ಕೆ ಕರೆತರುವ ಮಾರ್ಗದರ್ಶಿಗೆ ಇನಾಮು ಕೊಡಬೇಕೆ, ಕೊಡುವುದಾದರೆ ಎಷ್ಟು, ಎಂಬ ಪ್ರಶ್ನೆಯಾದರೋ ಇವುಗಳಿಗಿಂತ ಜಟಿಲವಾದುದು. ಬಡಿಸುವವನು ಇನಾಮಿನ ಆಸೆಯಿಂದ ಹೆಚ್ಚೆಂದರೆ ಒಂದು ಸೌಟು ಸಾರನ್ನು ಹೆಚ್ಚಾಗಿ ಹಾಕಿಯಾನು. ಬೇಟೆಯ ಮಾರ್ಗದರ್ಶಿಯ ತೀರ್ಮಾನದ ಮೇಲೆ ಒಂದು ಪ್ರಾಣಿಯ ಜೀವವೂ, ಒಮ್ಮೊಮ್ಮೆ ಮನುಷ್ಯನ ಜೀವವೂ ನಿಂತಿರುತ್ತದೆ. ಆದುದರಿಂದ ಇಲ್ಲಿ ಇನಾಮಿನ ಪ್ರಶ್ನೆ ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ.

ಈ ಪದ್ಧತಿ ಅಮೆರಿಕ, ಸ್ಕಾಟ್ಲೆಂಡ್ ಮತ್ತು ಆಫ್ರಿಕದ ಬೇಟೆಯ ಪ್ರದೇಶಗಳಲ್ಲಿ ಹೇಗೆ ನಡೆದಿದೆ, ಅದರ ಗುಣದೋಷಗಳೇನು, ಬೇಟೆಯೇ ನಿಷಿದ್ಧವಾಗಿರುವ ನಮ್ಮ ನಾಡಿಗೆ ಅದರಿಂದ ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

2

ಮೊದಲು ಪದಗಳನ್ನು ನೋಡೋಣ. ‘ಇನಾಮು’ ಅರಬ್ಬಿಯಿಂದಲೂ ‘ಭಕ್ಷೀಸು’ ಪಾರಸಿಯಿಂದಲೂ ಬಂದವು. ಇವು ಬರುವುದಕ್ಕೆ ಮುಂಚೆಯೇ ಕನ್ನಡದಲ್ಲಿ ‘ಮೆಚ್ಚು’ ಎಂಬ ಪದವಿದ್ದಿತು. ಸೇವಕನ ಕೆಲಸವನ್ನು ಮೆಚ್ಚಿ ಒಡೆಯನು ಕೊಡುವುದೇ ಮೆಚ್ಚು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಪ್ರಸಿದ್ಧ ಶಿಲಾಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ನಡೆಸಿದ ಯುದ್ಧದಲ್ಲಿ ಮಣಲೇರನೆಂಬ ವೀರನು ಪರಾಕ್ರಮವನ್ನು ತೋರಿದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಹೊನ್ನನ್ನಾಗಲಿ ಊರನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆಯ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು.

ಮೆಚ್ಚಿನ ಲಕ್ಷಣಗಳೆಲ್ಲ ಈ ಪ್ರಸಂಗದಲ್ಲಿ ಸ್ಪಷ್ಟವಾಗಿವೆ. ಅದು ಕೆಲಸ ಮುಗಿದ ಮೇಲೆ ಬರುವುದು, ಮೊದಲೇ ಗೊತ್ತುಮಾಡಿದುದಲ್ಲ. ಹಕ್ಕಿನಿಂದ ಕೇಳುವಂತಹುದಲ್ಲ, ಕೊಡುವವನ ಸಂತೋಷಕ್ಕೆ ಸೇರಿದುದು. ಕೂಲಿಯಾದರೋ ಮೊದಲೇ ಒಪ್ಪಿಕೊಂಡುದು. ಕೊಡದಿದ್ದರೆ ನ್ಯಾಯಸ್ಥಾನದಲ್ಲಿ ಕೇಳಬಹುದಾದುದು. ಲಂಚವು ಇವೆರಡಕ್ಕೂ ಬೇರೆ: ಪಡೆಯುವವನ ತೀರ್ಮಾನವನ್ನು ಬಾಗಿಸುವ ಉದ್ದೇಶದಿಂದ ಕೊಡುವಂತಹುದು. ಕಾಡಿನ ಅಂಚಿನಲ್ಲಿ ಮಾರ್ಗದರ್ಶಿಯ ಕೈಗೆ ಬೀಳುವ ನೋಟು ಈ ಮೂರರಲ್ಲಿ ಯಾವುದಾದರೂ ಆಗಬಹುದು. ನೋಟನ್ನು ನೋಡಿದರೆ ಭೇದ ತಿಳಿಯುವುದಿಲ್ಲ. ಅದನ್ನು ಯಾವಾಗ, ಯಾವುದಕ್ಕಾಗಿ ಕೊಟ್ಟರೆಂಬುದನ್ನು ನೋಡಬೇಕು.

3

ಈ ಪದ್ಧತಿ ಅತ್ಯಂತ ವ್ಯವಸ್ಥಿತವಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಬೇಟೆಯ ಮಾರ್ಗದರ್ಶನ ಪರವಾನಗಿ ಪಡೆದು ನಡೆಸುವ ವೃತ್ತಿ. ಮೇಯ್ನ್ ಸಂಸ್ಥಾನ 1897ರಲ್ಲಿಯೇ ಮಾರ್ಗದರ್ಶಿಗಳ ನೋಂದಣಿಯನ್ನು ಕಡ್ಡಾಯಮಾಡಿತು. ಮೊದಲ ಪರವಾನಗಿಯನ್ನು ಪಡೆದವಳು ಕಾರ್ನೀಲಿಯಾ ಕ್ರಾಸ್ಬಿ ಎಂಬ ಮಹಿಳೆ. ಇಂದು ಅಲಾಸ್ಕದಲ್ಲಿ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆ ಇವುಗಳ ಬೇಟೆಗೆ ಹೊರ ಸಂಸ್ಥಾನದಿಂದ ಬರುವವನು ಪರವಾನಗಿಯುಳ್ಳ ಮಾರ್ಗದರ್ಶಿಯನ್ನಾಗಲಿ ಅಲ್ಲಿಯ ನಿವಾಸಿಯಾದ ಹತ್ತಿರದ ಬಂಧುವನ್ನಾಗಲಿ ಜೊತೆಗಿಟ್ಟುಕೊಳ್ಳಲೇಬೇಕು. ವಯೋಮಿಂಗ್ ಸಂಸ್ಥಾನದ ಸಂರಕ್ಷಿತ ನಿರ್ಜನಾರಣ್ಯಗಳಲ್ಲಿ ದೊಡ್ಡ ಮೃಗಗಳ ಬೇಟೆಗೂ ಇಂತಹುದೇ ನಿಯಮವಿದೆ.

ರಾಕಿ ಪರ್ವತಗಳ ಸೀಮೆಯಲ್ಲಿ ಬೇಟೆಯ ಏರ್ಪಾಡನ್ನು ವಹಿಸಿಕೊಳ್ಳುವ ಯಜಮಾನನನ್ನು ಔಟ್‌ಫಿಟರ್ ಎನ್ನುತ್ತಾರೆ. ಅತಿಥಿ ಹಣ ಕಟ್ಟುವುದು ಇವನಿಗೆ. ಕುದುರೆ, ಗುಡಾರ, ಆಹಾರ, ಭೂಮಿಯ ಗುತ್ತಿಗೆ, ವಿಮೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕಾಡಿನಲ್ಲಿ ಅತಿಥಿಯ ಜೊತೆ ನಡೆಯುವ ಮಾರ್ಗದರ್ಶಿ ಸಾಮಾನ್ಯವಾಗಿ ಯಜಮಾನನ ಕೆಳಗೆ ಕೆಲವೇ ತಿಂಗಳುಗಳ ಮಟ್ಟಿಗೆ ದುಡಿಯುವವನು. ಬೆಳಗಾಗುವುದಕ್ಕೆ ಮುಂಚೆ ಎದ್ದು ಕುದುರೆಗಳಿಗೆ ಜೀನು ಬಿಗಿಯುವುದರಿಂದ ಅವನ ದಿನ ಪ್ರಾರಂಭವಾಗುತ್ತದೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡು ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಅದು ಬಿದ್ದೊಡನೆ ಅತಿಥಿಯ ಬೇಟೆ ಮುಗಿಯಿತು. ಮಾರ್ಗದರ್ಶಿಯ ಕಠಿಣವಾದ ಕೆಲಸ ಆಗ ಮೊದಲಾಗುತ್ತದೆ. ಅದನ್ನು ಸೀಳಿ, ಭಾಗಮಾಡಿ, ಕುದುರೆಯ ಮೇಲೆಯೋ ತನ್ನ ಬೆನ್ನಿನ ಮೇಲೆಯೋ ಹೊರಿಸಿ ಬಿಡಾರಕ್ಕೆ ತರಬೇಕು.

ಬೇಟೆಯ ಒಟ್ಟು ಶುಲ್ಕದ ಶೇಕಡಾ 10ರಿಂದ 20ರವರೆಗೆ ಇನಾಮು ಕೊಡುವುದು ಅಲ್ಲಿ ಸಾಮಾನ್ಯವಾದ ವಾಡಿಕೆ. ಅಡಿಗೆಯವನಿಗೂ ಕುದುರೆಗಳನ್ನು ನೋಡಿಕೊಳ್ಳುವವನಿಗೂ ಬೇರೆಯಾಗಿ ಕೊಡುತ್ತಾರೆ. ಯಜಮಾನನೇ ಮಾರ್ಗದರ್ಶಿಯಾಗಿ ಬಂದರೆ ಕೊಡಲೇಬೇಕೆಂಬ ಕಟ್ಟು ಇಲ್ಲ. ಬೆಲೆಯನ್ನು ಗೊತ್ತುಮಾಡಿದವನು ಅವನೇ, ಲಾಭವೂ ಅವನದೇ ಎಂಬುದು ಇದಕ್ಕೆ ಕಾರಣ.

ಈ ದೇಶ ಒಂದು ಕಾಲದಲ್ಲಿ ಇನಾಮನ್ನೇ ದ್ವೇಷಿಸುತ್ತಿತ್ತೆಂಬುದು ಗಮನಾರ್ಹ. ಇನಾಮು ಒಡೆಯ-ಆಳುಗಳ ಸಮಾಜದ ಉಳಿಕೆ, ಸಮಾನರ ನಡುವೆ ಸಲ್ಲದುದು, ಎಂಬ ಭಾವನೆಯಿಂದ 1909ರಲ್ಲಿ ವಾಷಿಂಗ್ಟನ್ ಸಂಸ್ಥಾನವು ಅದನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಬೇರೆ ಕೆಲವು ಸಂಸ್ಥಾನಗಳೂ ಅದನ್ನು ಅನುಸರಿಸಿದವು. 1926ರ ವೇಳೆಗೆ ಈ ಕಾನೂನುಗಳೆಲ್ಲ ಬಿದ್ದುಹೋದವು. 1966ರಲ್ಲಿ ಒಕ್ಕೂಟದ ಕಾರ್ಮಿಕ ಶಾಸನಕ್ಕಾದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇನಾಮು ಪಡೆಯುವ ನೌಕರರ ವಿಷಯದಲ್ಲಿ ಕನಿಷ್ಠ ಕೂಲಿಯ ಒಂದು ಭಾಗವನ್ನು ಆ ಇನಾಮಿನಿಂದಲೇ ತುಂಬಿಕೊಳ್ಳಲು ಮಾಲೀಕರಿಗೆ ಅವಕಾಶ ಕೊಟ್ಟಿತು. ಮೆಚ್ಚಾಗಿ ಹುಟ್ಟಿದುದು ಕೂಲಿಯ ಅಂಗವಾದುದು ಹೀಗೆ. ನೌಕರನ ಇನಾಮನ್ನು ಮಾಲೀಕನು ಇಟ್ಟುಕೊಳ್ಳಕೂಡದೆಂಬ ಸ್ಪಷ್ಟವಾದ ನಿಷೇಧ 2018ರ ತಿದ್ದುಪಡಿಯಿಂದ ಬಂದಿತು.

4

ಶೇಕಡಾ ಲೆಕ್ಕ ಸುಲಭವಾದುದು, ಆದರೆ ನ್ಯಾಯವಾದುದೆ? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆರು ದಿನದ ಒಂದು ಬೇಟೆಗೆ 6,000 ಡಾಲರ್, ಹತ್ತು ದಿನದ ಮತ್ತೊಂದಕ್ಕೆ 24,000 ಡಾಲರ್ ಶುಲ್ಕವಿದೆ. ಶೇಕಡಾ 15ರಂತೆ ಮೊದಲನೆಯವನಿಗೆ 900, ಎರಡನೆಯವನಿಗೆ 3,600 ಡಾಲರ್ ಬರುತ್ತದೆ. ದಿನವೊಂದಕ್ಕೆ ಲೆಕ್ಕಹಾಕಿದರೆ ಒಬ್ಬನಿಗೆ 150, ಇನ್ನೊಬ್ಬನಿಗೆ 360. ಎರಡನೆಯವನ ಬೆವರು ಮೊದಲನೆಯವನದಕ್ಕಿಂತ ಇಮ್ಮಡಿಗಿಂತಲೂ ಹೆಚ್ಚೆಂದು ಹೇಳಲಾಗದು. ಶುಲ್ಕ ಏರಿರುವುದು ಮೃಗವು ವಿರಳವಾದುದರಿಂದ, ಅಥವಾ ವಿಮಾನದಲ್ಲಿ ಹೋಗಬೇಕಾದುದರಿಂದ, ಅಥವಾ ಭೂಮಿಯ ಗುತ್ತಿಗೆ ದುಬಾರಿಯಾದುದರಿಂದ. ಇವುಗಳಲ್ಲಿ ಯಾವುದೂ ಮಾರ್ಗದರ್ಶಿಯ ಶ್ರಮವಲ್ಲ. ಆದುದರಿಂದ ದಿನಗಳನ್ನೂ ಕೆಲಸದ ಸ್ವರೂಪವನ್ನೂ ಆಧಾರವಾಗಿಟ್ಟುಕೊಂಡ ಲೆಕ್ಕವೇ ಹೆಚ್ಚು ಯುಕ್ತವಾದುದು. ಶೇಕಡಾ ಲೆಕ್ಕ ಅತಿಥಿಗೆ ಯೋಚಿಸುವ ಕಷ್ಟವನ್ನು ತಪ್ಪಿಸುತ್ತದೆ, ಅಷ್ಟೆ.

5

ಸ್ಕಾಟ್ಲೆಂಡಿನ ಪದ್ಧತಿ ಬೇರೆಯ ಬಗೆಯದು. ಅಲ್ಲಿ ಆಗಸ್ಟ್ 12ರಂದು ಗ್ರೌಸ್ ಹಕ್ಕಿಯ ಬೇಟೆಯ ಋತು ತೆರೆಯುತ್ತದೆ. ಜಿಂಕೆಯ ಬೇಟೆಯಲ್ಲಿ ನೆರವಾಗುವ ಆಳಿಗೆ ‘ಗಿಲ್ಲಿ’ ಎಂದು ಹೆಸರು. ಗೇಲಿಕ್ ಭಾಷೆಯಲ್ಲಿ ಅದಕ್ಕೆ ಹುಡುಗ, ಸೇವಕ ಎಂಬ ಅರ್ಥ. ದಿನದ ಕೊನೆಯಲ್ಲಿ ಬೇಟೆಯ ಮೇಲ್ವಿಚಾರಕನು ಪ್ರತಿಯೊಬ್ಬ ಅತಿಥಿಗೂ ಒಂದು ಜೊತೆ ಹಕ್ಕಿಗಳನ್ನು ಕೊಡುತ್ತಾನೆ. ಅತಿಥಿಯು ಅವನ ಕೈಕುಲುಕುವಾಗ ಮಡಿಸಿದ ನೋಟನ್ನು ಯಾರಿಗೂ ಕಾಣದಂತೆ ಅಂಗೈಗೆ ದಾಟಿಸುತ್ತಾನೆ. ಕೊಡುಗೆಯು ಮರುಕೊಡುಗೆಯನ್ನು ಬಯಸುತ್ತದೆ, ಆದರೆ ಅದು ವ್ಯಾಪಾರದಂತೆ ಕಾಣಬಾರದು ಎಂಬುದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ವಿವರಿಸಿದ ತತ್ತ್ವ. ಈ ಕೈಕುಲುಕು ಅದಕ್ಕೆ ಪಠ್ಯಪುಸ್ತಕದ ಉದಾಹರಣೆಯಂತಿದೆ. ನೋಟು ಕಾಣದಂತಿರುವುದು ಪಡೆಯುವವನ ಮಾನವನ್ನು ಕಾಯುವುದಕ್ಕಾಗಿ.

ಆದರೆ ಇಲ್ಲಿಯೂ ಒಂದು ತೊಡಕುಂಟು. ಅಂದು ಬಿದ್ದ ಹಕ್ಕಿಗಳ ಸಂಖ್ಯೆಗೆ ತಕ್ಕಂತೆ ಇನಾಮನ್ನು ಏರಿಸುವ ವಾಡಿಕೆಯೂ ಬೆಳೆದಿದೆ. ಮಳೆ, ಗಾಳಿ, ಅತಿಥಿಯ ಗುರಿಯ ಸಾಮರ್ಥ್ಯ ಇವು ಯಾವುವೂ ಮೇಲ್ವಿಚಾರಕನ ಕೈಯಲ್ಲಿಲ್ಲ. ಗುರಿ ತಪ್ಪಿದ ಅತಿಥಿಯು ತನ್ನ ನಿರಾಶೆಯನ್ನು ಅವನ ಇನಾಮಿನಿಂದ ಕಳೆದುಕೊಳ್ಳುವುದು ನ್ಯಾಯವೆನ್ನಲಾಗದು.

6

ಈ ತೊಡಕು ಅತ್ಯಂತ ಗಂಭೀರವಾಗುವುದು ಆಫ್ರಿಕದಲ್ಲಿ. ಕೀನ್ಯ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೋಟ್ಸ್ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ಟಾಂಜಾನಿಯ, ನಮೀಬಿಯ, ದಕ್ಷಿಣ ಆಫ್ರಿಕ ಮೊದಲಾದೆಡೆಗಳಲ್ಲಿ ಅದು ನಡೆದಿದೆ. ಅಲ್ಲಿ ಅತಿಥಿಯ ಜೊತೆಗಿರುವವನು ವೃತ್ತಿಬೇಟೆಗಾರ. ಅವನ ಹಿಂದೆ ಜಾಡು ಹಿಡಿಯುವವರು, ಚರ್ಮ ಸುಲಿಯುವವರು, ಅಡಿಗೆಯವರು, ಬಿಡಾರದ ಆಳುಗಳು, ಹೀಗೆ ಅನೇಕರ ದುಡಿಮೆ ಇದೆ. ಅತಿಥಿಯ ಕಣ್ಣಿಗೆ ಬೀಳುವವನು ಮೊದಲನೆಯವನು. ಮೃಗವನ್ನು ನಿಜವಾಗಿ ಹುಡುಕಿಕೊಡುವವನು ಅನೇಕ ವೇಳೆ ಜಾಡುಗಾರ. ಇನಾಮನ್ನು ಒಬ್ಬನ ಕೈಗೆ ಕೊಟ್ಟು ಹಂಚಲು ಹೇಳುವುದಕ್ಕಿಂತ, ಯಾರಿಗೆ ಎಷ್ಟೆಂಬುದನ್ನು ವಿಚಾರಿಸಿ ಬೇರೆಬೇರೆಯಾಗಿ ಕೊಡುವುದು ಲೇಸು.

ಇನ್ನು ತೀರ್ಮಾನದ ವಿಷಯ. ಹೊಸ ಗಂಡುಸಿಂಹವು ಗುಂಪನ್ನು ವಶಮಾಡಿಕೊಂಡಾಗ ಹಿಂದಿನ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಆದುದರಿಂದ ಪ್ರಾಯದ ಗಂಡೊಂದನ್ನು ಹೊಡೆದರೆ ಅದರೊಡನೆ ಮರಿಗಳೂ ಅಳಿಯುತ್ತವೆ. ಐದಾರು ವರ್ಷ ಮೀರಿದ ಗಂಡುಗಳನ್ನು ಮಾತ್ರ ಬೇಟೆಯಾಡಿದರೆ ಸಂತತಿಗೆ ಹೆಚ್ಚು ಹಾನಿಯಾಗದೆಂದೂ, ವಯಸ್ಸು ಏರಿದಂತೆ ಮೂಗಿನ ಮೇಲೆ ಕಪ್ಪು ಬಣ್ಣ ಹರಡುವುದರಿಂದ ಅದನ್ನು ನೋಡಿ ವಯಸ್ಸನ್ನು ಅಂದಾಜುಮಾಡಬಹುದೆಂದೂ 2004ರಲ್ಲಿ ಕ್ರೇಗ್ ಪ್ಯಾಕರ್ ಮತ್ತು ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಟಾಂಜಾನಿಯ ಆರು ವರ್ಷದ ಮಿತಿಯನ್ನು ವಿಧಿಸಿತು.

ಈ ನಿಯಮ ಕಾಗದದ ಮೇಲೆ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ನಡೆಸುವ ಸ್ಥಳ ಒಂದೇ: ಮಬ್ಬು ಬೆಳಕಿನಲ್ಲಿ ದುರ್ಬೀನಿನ ಮೂಲಕ ಸಿಂಹದ ಮೂಗನ್ನು ನೋಡುತ್ತಿರುವ ಮಾರ್ಗದರ್ಶಿಯ ಕಣ್ಣು. ಬೇಟೆಯ ಕೊನೆಯ ಸಂಜೆ. ಇದುವರೆಗೆ ಏನೂ ದೊರೆತಿಲ್ಲ. ಸಿಂಹ ದೊರೆತರೆ ಇಷ್ಟು ಕೊಡುತ್ತೇನೆಂದು ಅತಿಥಿ ಹೇಳಿದ್ದಾನೆ. ಎದುರಿಗಿರುವುದು ನಾಲ್ಕು ವರ್ಷದ್ದೋ ಆರು ವರ್ಷದ್ದೋ ಎಂಬ ಸಂದೇಹವಿದೆ. ಆ ಸಂದೇಹವನ್ನು ಪ್ರಾಣಿಯ ಪರವಾಗಿ ತೀರ್ಮಾನಿಸಿದರೆ ಮಾರ್ಗದರ್ಶಿಗೆ ನಷ್ಟ. ಮೊದಲೇ ಆಡಿದ ಮಾತು ಇಲ್ಲಿ ಇನಾಮನ್ನು ಲಂಚವಾಗಿ ಮಾರ್ಪಡಿಸಿದೆ. ಕೊಟ್ಟವನಿಗಾಗಲಿ ಪಡೆದವನಿಗಾಗಲಿ ಅದು ಲಂಚವೆಂದು ತೋರದಿರಬಹುದು.

ಬಲಿಗೆ ಕಟ್ಟಿದ ಬಹುಮಾನದ ಅಪಾಯವನ್ನು ಹಿಂದಿನವರು ಅರಿಯದೆ ಇರಲಿಲ್ಲ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಲ್ಲಲು ಜಿಮ್ ಕಾರ್ಬೆಟ್ ಒಪ್ಪಿಕೊಂಡಾಗ ಎರಡು ಷರತ್ತುಗಳನ್ನು ಮುಂದಿಟ್ಟರು. ಸರ್ಕಾರವು ಸಾರಿದ್ದ ಬಹುಮಾನವನ್ನು ರದ್ದುಪಡಿಸಬೇಕು. ಅಲ್ಲಿ ನೇಮಿಸಿದ್ದ ಉಳಿದ ಬೇಟೆಗಾರರನ್ನು ಹಿಂದಕ್ಕೆ ಕರೆಸಬೇಕು. ಬಹುಮಾನಕ್ಕಾಗಿ ಬೇಟೆಯಾಡುವವನೆಂಬ ಹೆಸರು ತಮಗೆ ಬೇಡವೆಂಬುದೂ, ಅನ್ಯರ ಗುಂಡಿಗೆ ತಾವು ಅಕಸ್ಮಾತ್ತಾಗಿ ಗುರಿಯಾಗಬಾರದೆಂಬುದೂ ಅವರು 1944ರ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಕಾರಣಗಳು.

7

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾದ ಕಟ್ಟಿಗೆ ಒಳಪಡಿಸಿತು. ಉಳಿದಿದ್ದ ಬೇಟೆಯ ಪರವಾನಗಿಗಳೂ 1991ರ ತಿದ್ದುಪಡಿಯಿಂದ ಇಲ್ಲವಾದವು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಹೀಗಿರುವಾಗ ಈ ಚರ್ಚೆಯಿಂದ ನಮಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಬಂದೂಕು ಹೋಯಿತು, ಮಾರ್ಗದರ್ಶಿ ಹೋಗಲಿಲ್ಲ. ಬಂಡೀಪುರದಲ್ಲಿಯೂ ನಾಗರಹೊಳೆಯಲ್ಲಿಯೂ ಇಂದು ಪ್ರವಾಸಿಗಳನ್ನು ಜೀಪಿನಲ್ಲಿ ಕರೆದೊಯ್ಯುವ ಚಾಲಕನೂ ಪ್ರಕೃತಿ ಮಾರ್ಗದರ್ಶಿಯೂ ಅದೇ ಜಾಡಿನ ವಿದ್ಯೆಯಿಂದ ಬದುಕುವವರು. ‘ಹುಲಿ ತೋರಿಸಿದರೆ ಇಷ್ಟು’ ಎಂದು ಹೊರಡುವಾಗಲೇ ಹೇಳುವ ಪ್ರವಾಸಿಯು ಸಿಂಹದ ಬೇಟೆಗಾರನು ಮಾಡಿದ ತಪ್ಪನ್ನೇ ಮಾಡುತ್ತಾನೆ. ಅದರಿಂದ ಜೀಪು ವೇಗವಾಗಿ ಓಡುತ್ತದೆ, ಹುಲಿಯ ದಾರಿಗೆ ಅಡ್ಡ ನಿಲ್ಲುತ್ತದೆ, ಮರಿಗಳಿರುವ ತಾಯಿಯ ಹತ್ತಿರಕ್ಕೆ ಹೋಗುತ್ತದೆ. ದೋಷ ಚಾಲಕನೊಬ್ಬನದೇ ಅಲ್ಲ.

8

ಮೇಲಿನ ವಿಚಾರಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಇನಾಮು ಸಂಬಳದ ಸ್ಥಾನವನ್ನು ತುಂಬಬಾರದು. ಮಾರ್ಗದರ್ಶಿಯ ಹೊಟ್ಟೆಪಾಡು ಅತಿಥಿಯ ಉದಾರತೆಯನ್ನು ಕಾಯುವಂತಿದ್ದರೆ ಅವನಿಂದ ಸ್ವತಂತ್ರವಾದ ತೀರ್ಮಾನವನ್ನು ನಿರೀಕ್ಷಿಸಲಾಗದು. ಎರಡನೆಯದಾಗಿ, ವಾಡಿಕೆಯಿರುವ ದೇಶದಲ್ಲಿ ಕೊಡದೆ ಬರುವುದು ತತ್ತ್ವನಿಷ್ಠೆಯಾಗದು. ಆ ವಾಡಿಕೆಯನ್ನು ನಂಬಿಯೇ ಅಲ್ಲಿ ಕೂಲಿಯನ್ನು ಗೊತ್ತುಮಾಡಿರುವುದರಿಂದ ಅದರ ಭಾರವೆಲ್ಲ ಬೀಳುವುದು ದುಡಿದವನ ಮೇಲೆ. ಮೂರನೆಯದಾಗಿ, ಮೊತ್ತವನ್ನು ಶ್ರಮ, ದಿನ, ಎಚ್ಚರಿಕೆ ಇವುಗಳಿಂದ ಅಳೆಯಬೇಕು. ಬಿದ್ದ ಮೃಗದಿಂದಾಗಲಿ ಕಂಡ ಮೃಗದಿಂದಾಗಲಿ ಅಳೆಯಬಾರದು. ಸತ್ತ ಮೃಗವನ್ನು ಹೊತ್ತು ತಂದ ಹೆಚ್ಚಿನ ದುಡಿಮೆಗೆ ಹೆಚ್ಚು ಕೊಡುವುದು ಬೇರೆ, ಕೊಂದುದಕ್ಕೆ ಕೊಡುವುದು ಬೇರೆ. ನಾಲ್ಕನೆಯದಾಗಿ, ಮೊದಲೇ ಮಾತುಕೊಡದೆ, ಕೊನೆಯಲ್ಲಿ, ಕಾಣದ ಕೈಗಳನ್ನೂ ನೆನೆದು ಕೊಡಬೇಕು.

ಬರಿಗೈಯಲ್ಲಿ ಹಿಂದಿರುಗಿದ ದಿನ ಅತಿಥಿಯು ಎಷ್ಟು ಕೊಡುತ್ತಾನೆಂಬುದರಲ್ಲಿ ಈ ನಿರ್ಣಯಗಳಿಗೆಲ್ಲ ಪರೀಕ್ಷೆಯಿದೆ. ‘ಈ ಪ್ರಾಣಿ ಇನ್ನೂ ಚಿಕ್ಕದು, ಹೊಡೆಯಬೇಡಿ’ ಎಂದು ಹೇಳಿದ ಮಾರ್ಗದರ್ಶಿಗೆ ಅಂದು ಪೂರ್ಣವಾದ ಇನಾಮು ದೊರೆತರೆ ಅದು ನಿಜವಾದ ಮೆಚ್ಚು.